ಸೋತ ಆಟದ ಪಾಠ

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಾನು ಮೆಚ್ಚಿದ ಆಟ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆವು. ಕಬಡ್ಡಿ, ಕ್ರಿಕೆಟ್, ಖೊಖೊ, ಚೌಕಾಬಾರ ಎಂದು ಮಕ್ಕಳು ಬರೆದರು. ಅರ್ಧಕ್ಕರ್ಧ ಮಂದಿ ಗೈಡಿನಿಂದ ಎತ್ತಿ ಬರೆದದ್ದು ನೋಡಿದೊಡನೆ ತಿಳಿಯುತ್ತಿತ್ತು. ಒಬ್ಬ ಹುಡುಗ ಮಾತ್ರ ಬೇರೆಯದನ್ನು ಬರೆದಿದ್ದ. ‘ಪ್ರಪಂಚದಲ್ಲೆಲ್ಲ ನಗೆಪಾಟಲಾದ ಒಂದು ವಿಡಿಯೋ ಗೇಮ್ ಇದೆ. ಅದು ಕೆಟ್ಟ ಆಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಇಷ್ಟ’ ಎಂದು ಅವನ ಪ್ರಬಂಧ ಆರಂಭವಾಗಿತ್ತು. ಅಕಾರ ಹಕಾರಗಳ ತಪ್ಪು ಹೇರಳವಾಗಿತ್ತು. ನಾವು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಹತ್ತಕ್ಕೆ ಮೂರು ಅಂಕ ಹಾಕಿದೆವು. ಹುಡುಗ ಆ ಹಾಳೆಯನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದ. ನಾವು ನೋಡಿದೆವು, ಏನೂ ಹೇಳಲಿಲ್ಲ.

ಆ ಸಂಜೆ ನಮಗೆ ಸಮಾಧಾನವಿರಲಿಲ್ಲ. ಗೈಡಿನಿಂದ ಎತ್ತಿ ಬರೆದವರಿಗೆ ಏಳು, ಸ್ವಂತ ಮಾತಿನಲ್ಲಿ ಬರೆದವನಿಗೆ ಮೂರು! ಮರುದಿನ ಅವನನ್ನು ಕರೆದು, ‘ಅದು ಯಾವ ಆಟವಪ್ಪಾ?’ ಎಂದು ಕೇಳಿದೆವು. ಅವನು ಹೇಳಿದ್ದನ್ನು ಕೇಳಿಕೊಂಡು, ನಾವೂ ಒಂದಿಷ್ಟು ಓದಿ ತಿಳಿದುಕೊಂಡೆವು. ಅದನ್ನೇ ಈ ಸಂಚಿಕೆಯಲ್ಲಿ ಪಾಠವಾಗಿ ಬರೆಯುತ್ತಿದ್ದೇವೆ. ವಿದ್ಯಾರ್ಥಿಗಳ ಜೊತೆಗೆ ಪೋಷಕರೂ ಇದನ್ನು ಓದಬೇಕೆಂದು ನಮ್ಮ ಕೋರಿಕೆ.

ಇದು ಎಂಥ ಆಟ?

‘ಪ್ಲಾಟ್‌ಫಾರಂ ಆಟ’ ಎಂದೊಡನೆ ನಮಗೆ ಹೊಸೂರಿನ ರೈಲು ನಿಲ್ದಾಣ ನೆನಪಾಯಿತು. ಹುಡುಗ ನಕ್ಕುಬಿಟ್ಟ. ಇಲ್ಲಿ ಪ್ಲಾಟ್‌ಫಾರಂ ಎಂದರೆ ಜಗಲಿ. ಟಿ.ವಿ. ಪರದೆಯ ಮೇಲೆ ಎತ್ತರ ತಗ್ಗಿನ ಜಗಲಿಗಳು ಇರುತ್ತವೆ. ಒಂದು ಬೊಂಬೆ ಓಡುತ್ತಾ, ಒಂದು ಜಗಲಿಯಿಂದ ಇನ್ನೊಂದಕ್ಕೆ ಹಾರುತ್ತಾ ಸಾಗಬೇಕು. ನಡುವೆ ಹಳ್ಳಗಳು, ಶತ್ರುಗಳು. ಕೈಯಲ್ಲಿರುವ ಗುಂಡಿಗಳನ್ನು ಒತ್ತಿ ಬೊಂಬೆಯನ್ನು ನಡೆಸುವವರು ನಾವು. ನಿಮ್ಮ ಅಜ್ಜಿಯರು ಆಡಿದ ಕುಂಟೆಬಿಲ್ಲೆಯೂ ಹೆಚ್ಚುಕಡಿಮೆ ಇದೇ. ಗೆರೆ ತುಳಿಯದೆ ಮನೆಯಿಂದ ಮನೆಗೆ ಹಾರಬೇಕು, ತುಳಿದರೆ ಔಟು.

ಕುಂಟೆಬಿಲ್ಲೆಯಲ್ಲಿ ಮೂರು ಸಂಗತಿ ಸರಿಯಾಗಿರಬೇಕು. ಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ನಾವು ಎಣಿಸಿದ ಕಡೆಗೆ ಕಾಲು ಹೋಗಬೇಕು. ಸೋತರೆ ಯಾಕೆ ಸೋತೆವೆಂಬುದು ನಮಗೇ ತಿಳಿಯಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ ಆಟ ಕೆಟ್ಟಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಯಂತ್ರದ ಕಥೆ

ಹಾಡು ಕೇಳುವ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿ.ಡಿ., 1982ರಲ್ಲಿ ಮಾರುಕಟ್ಟೆಗೆ ಬಂತು. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳು ಕೂಡಿ ಮಾಡಿದ್ದು ಅದು. ಆಮೇಲೆ ಫಿಲಿಪ್ಸ್‌ನವರು ಸಿ.ಡಿ.ಯಲ್ಲಿ ಹಾಡಿನ ಜೊತೆಗೆ ಚಿತ್ರ, ಬರಹ, ಆಟ ಎಲ್ಲವನ್ನೂ ತುಂಬಿ ಟಿ.ವಿ.ಯಲ್ಲಿ ತೋರಿಸುವ ಯಂತ್ರವೊಂದನ್ನು ಯೋಚಿಸಿದರು. ಅದರ ಹೆಸರು ಸಿ.ಡಿ.-ಐ. 1991ರ ಕೊನೆಯಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂತು.

ವಿಶ್ವಕೋಶ ಓದಬಹುದು, ವಸ್ತುಸಂಗ್ರಹಾಲಯದ ಚಿತ್ರಗಳನ್ನು ನೋಡಬಹುದು, ಮಕ್ಕಳು ಪಾಠ ಕಲಿಯಬಹುದು, ಸಿನಿಮಾ ನೋಡಬಹುದು, ಆಟವನ್ನೂ ಆಡಬಹುದು ಎಂದು ಅವರ ಎಣಿಕೆ. ಎಲ್ಲವನ್ನೂ ಮಾಡುವ ಯಂತ್ರ ಯಾವುದನ್ನೂ ಚೆನ್ನಾಗಿ ಮಾಡಲಿಲ್ಲ. ಪಾಠಕ್ಕೆ ಕೊಳ್ಳೋಣವೆಂದರೆ ದುಬಾರಿ. ಆಟಕ್ಕೆ ಕೊಳ್ಳೋಣವೆಂದರೆ ಜಪಾನಿನ ನಿಂಟೆಂಡೊ ಕಂಪನಿಯ ಆಟದ ಯಂತ್ರ ಅದಕ್ಕಿಂತ ಬಹಳ ಅಗ್ಗ; 1991ರಲ್ಲಿ ಅದರ ಬೆಲೆ 199 ಡಾಲರ್. ಅದೂ ಅಲ್ಲದೆ ಓಡುವ ಹಾರುವ ಬೊಂಬೆಗಳನ್ನು ಚುರುಕಾಗಿ ಚಲಿಸುವ ಅನುಕೂಲ ಆಟದ ಯಂತ್ರದಲ್ಲಿ ಇದ್ದಂತೆ ಸಿ.ಡಿ.-ಐಯಲ್ಲಿ ಇರಲಿಲ್ಲ. ಕೈಗೆ ಕೊಟ್ಟಿದ್ದ ಸಾಧನ ಟಿ.ವಿ. ರಿಮೋಟಿನ ಜಾತಿಯದು. ಚಿತ್ರ ಬದಲಾಯಿಸಲು ಸಾಕು, ಹಳ್ಳ ಹಾರಲು ಸಾಲದು. 1990ರ ದಶಕ ಮುಗಿಯುವುದರೊಳಗೆ ಫಿಲಿಪ್ಸ್ ದೊಡ್ಡ ನಷ್ಟ ಹೊತ್ತು ಆ ಯಂತ್ರವನ್ನು ಕೈಬಿಟ್ಟಿತು.

ಹೆಸರಿನ ಕಥೆ

ಇದೇ ಹೊತ್ತಿಗೆ ನಿಂಟೆಂಡೊದವರೂ ತಮ್ಮ ಯಂತ್ರಕ್ಕೆ ಸಿ.ಡಿ. ಜೋಡಿಸಲು ಯೋಚಿಸಿ, ಸೋನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರು. 1991ರ ಜೂನ್ ತಿಂಗಳಲ್ಲಿ ಷಿಕಾಗೊ ನಗರದ ಪ್ರದರ್ಶನದಲ್ಲಿ ಸೋನಿ ಆ ವಿಷಯ ಪ್ರಕಟಿಸಿತು. ಮರುದಿನವೇ ನಿಂಟೆಂಡೊ, ತಾನು ಫಿಲಿಪ್ಸ್ ಜೊತೆ ಸೇರುತ್ತೇನೆಂದು ಸಾರಿತು! ಮದುವೆಯ ನಿಶ್ಚಯವಾದ ಮರುದಿನ ಬೇರೆ ಮನೆಯ ತಾಂಬೂಲ ಹಿಡಿದ ಹಾಗಾಯಿತು. ಕೊನೆಗೆ ಆ ಸಿ.ಡಿ. ಜೋಡಣೆ ಯಾರ ಜೊತೆಗೂ ಆಗಲಿಲ್ಲ. ಮುನಿದ ಸೋನಿ ತನ್ನದೇ ಯಂತ್ರ ಮಾಡಿ 1994ರಲ್ಲಿ ಹೊರತಂದಿತು. ಅದೇ ಪ್ಲೇಸ್ಟೇಷನ್, ಲೋಕದಲ್ಲಿ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು.

ಫಿಲಿಪ್ಸ್‌ಗೆ ದಕ್ಕಿದ್ದು ಒಂದೇ. ನಿಂಟೆಂಡೊದ ಕೆಲವು ಪಾತ್ರಗಳನ್ನು ಸಿ.ಡಿ.-ಐ ಆಟಗಳಲ್ಲಿ ಬಳಸಿಕೊಳ್ಳುವ ಪರವಾನಗಿ. ಆ ಪಾತ್ರಗಳಲ್ಲಿ ಮಾರಿಯೋ ಇದ್ದ. 1986ರಿಂದ ಹೆಸರುವಾಸಿಯಾಗಿದ್ದ ‘ಜೆಲ್ಡಾ’ ಆಟಗಳ ವೀರ ಲಿಂಕ್ ಮತ್ತು ರಾಜಕುಮಾರಿ ಜೆಲ್ಡಾ ಇದ್ದರು. ಹೀಗೆ ಹುಟ್ಟಿದವು ಎರಡು ಅವಳಿ ಆಟಗಳು. ಒಂದು ‘ಲಿಂಕ್: ದಿ ಫೇಸಸ್ ಆಫ್ ಈವಿಲ್’, ಇನ್ನೊಂದು ‘ಜೆಲ್ಡಾ: ದಿ ವಾಂಡ್ ಆಫ್ ಗ್ಯಾಮೆಲಾನ್’. ಎರಡೂ 1993ರ ಅಕ್ಟೋಬರಿನಲ್ಲಿ ಬಿಡುಗಡೆಯಾದವು. ನಮ್ಮ ಹುಡುಗ ಬರೆದದ್ದು ಎರಡನೆಯದರ ಬಗ್ಗೆ. ಹಿಂದಿನ ಆಟಗಳಲ್ಲಿ ರಾಜಕುಮಾರಿಯನ್ನು ಯಾರಾದರೂ ಬಿಡಿಸಬೇಕಾಗಿತ್ತು. ಈ ಆಟದಲ್ಲಿ ಅವಳೇ ಕತ್ತಿ ಹಿಡಿದು, ತಂದೆಯನ್ನೂ ಲಿಂಕ್‌ನನ್ನೂ ಹುಡುಕಿಕೊಂಡು ಹೊರಡುತ್ತಾಳೆ. ಅವನಿಗೆ ಹಿಡಿಸಿದ್ದು ಅದೇ. ಹೆಣ್ಣುಮಕ್ಕಳು ಗಮನಿಸಬೇಕು!

ಹೆಸರು ನಿಂಟೆಂಡೊದ್ದು, ಕೆಲಸ ಬೇರೆಯವರದು. ಅಮೆರಿಕದ ಅನಿಮೇಷನ್ ಮ್ಯಾಜಿಕ್ ಎಂಬ ಸಣ್ಣ ಸಂಸ್ಥೆ ಅವುಗಳನ್ನು ತಯಾರಿಸಿತು. ಡೇಲ್ ಡಿಶರೋನ್ ಎಂಬವರು ಅದರ ಮುಂದಾಳು. ಎರಡೂ ಆಟಗಳಿಗೆ ಸೇರಿ ಸುಮಾರು 6 ಲಕ್ಷ ಡಾಲರ್ ಹಣ, ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ, ಇಷ್ಟರಲ್ಲಿ ಮುಗಿಸಬೇಕಾಗಿತ್ತು. ಬೆರಳೆಣಿಕೆಯ ಪ್ರೋಗ್ರಾಮರುಗಳು, ಒಬ್ಬ ಸಂಗೀತಗಾರ. ನಡುನಡುವೆ ಬರುವ ವ್ಯಂಗ್ಯಚಿತ್ರದಂಥ ದೃಶ್ಯಗಳನ್ನು ಬರೆಯಲು ರಷ್ಯಾದಿಂದ ಚಿತ್ರಕಾರರನ್ನು ವಿಮಾನದಲ್ಲಿ ಕರೆಸಿಕೊಂಡರು.

ತಪ್ಪಿದ್ದು ಎಲ್ಲಿ?

ಈಗ ಕುಂಟೆಬಿಲ್ಲೆಯ ಮೂರು ಸಂಗತಿಗಳಿಗೆ ಬರೋಣ.

ಮೊದಲನೆಯದು ಗೆರೆ. ಈ ಆಟಗಳ ಹಿನ್ನೆಲೆಯನ್ನು ಚಿತ್ರಕಾರರು ಬಣ್ಣದಲ್ಲಿ ಸೊಗಸಾಗಿ ಬರೆದಿದ್ದಾರೆ. ಬಂಡೆ, ಮರ, ಗುಡಿಸಲು, ಬೆಟ್ಟ, ಯಾವುದನ್ನೂ ಹಳಿಯುವಂತಿಲ್ಲ. ಆದರೆ ಯಾವ ಬಂಡೆಯ ಮೇಲೆ ಕಾಲಿಡಬಹುದು, ಯಾವ ಬಂಡೆ ಬರಿಯ ಚಿತ್ರ ಎಂಬುದು ಆಡುವವರಿಗೆ ತಿಳಿಯುವುದಿಲ್ಲ. ಜಗಲಿಯೆಂದು ಹಾರಿದರೆ ಹಳ್ಳಕ್ಕೆ ಬೀಳಬೇಕು.

ಎರಡನೆಯದು ಕಾಲು. ಗುಂಡಿಗಳು ಎರಡು ಮೂರೇ, ಮಾಡಬೇಕಾದ ಕೆಲಸಗಳು ಹತ್ತಾರು. ಹೀಗಾಗಿ ಒಂದೇ ಗುಂಡಿಗೆ ಹಲವು ಕೆಲಸ ಅಂಟಿಸಿದರು. ಕೈ ಎಣಿಸಿದ್ದೊಂದು, ಪರದೆಯಲ್ಲಿ ಆಗುವುದು ಇನ್ನೊಂದು.

ಮೂರನೆಯದು, ಸೋಲಿನ ಕಾರಣ ತಿಳಿಯುವುದು. ಮೊದಲ ಎರಡು ಕೆಟ್ಟಮೇಲೆ ಮೂರನೆಯದು ಎಲ್ಲಿ ಉಳಿದೀತು? ನಾನು ಯಾಕೆ ಸೋತೆ ಎಂದು ತಿಳಿಯದಿದ್ದರೆ ಮತ್ತೊಮ್ಮೆ ಆಡುವ ಹುಮ್ಮಸ್ಸು ಬರುವುದಿಲ್ಲ.

ಬಂದ ಕಾಲದಲ್ಲಿ ಈ ಆಟಗಳನ್ನು ಹೊಗಳಿದವರೂ ಇದ್ದರು. ಕಾಲ ಕಳೆದ ಹಾಗೆ ಹೊಗಳಿಕೆ ಕರಗಿತು, ತೆಗಳಿಕೆ ಬೆಳೆಯಿತು. ಅವಸರದಲ್ಲಿ ಬರೆದ ಆ ದೃಶ್ಯಗಳನ್ನು ಕತ್ತರಿಸಿ ಅಂಟಿಸಿ ಹಾಸ್ಯದ ತುಣುಕುಗಳನ್ನು ಮಾಡಿ ಲೋಕವೆಲ್ಲ ನಕ್ಕಿತು. ಎಂದೂ ಆಡದವರೂ ‘ಅತಿ ಕೆಟ್ಟ ಆಟ’ ಎಂದು ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿ ಹೇಳಿದರು.

‘ಕುಣಿಯಲಾರದವಳು ನೆಲ ಡೊಂಕೆಂದಳಂತೆ’ ಎಂಬ ಗಾದೆ ನಿಮಗೆ ಗೊತ್ತು. ಆದರೆ ಒಮ್ಮೊಮ್ಮೆ ನೆಲವೂ ಡೊಂಕಾಗಿರುತ್ತದೆ. ಈ ಆಟ ಮಾಡಿದವರ ಕಾಲ ಕೆಳಗಿನ ನೆಲ ನಿಜವಾಗಿ ಡೊಂಕಾಗಿತ್ತು. ಆಟಕ್ಕೆಂದು ಮಾಡದ ಯಂತ್ರ, ಸಾಲದ ಹಣ, ಸಾಲದ ಕಾಲ. ಇವನ್ನೆಲ್ಲ ಮುಚ್ಚಲು ಒಂದು ದೊಡ್ಡ ಹೆಸರು. ನಮ್ಮ ಊರುಗಳಲ್ಲಿ ಹಬ್ಬಕ್ಕೆ ಪೌರಾಣಿಕ ನಾಟಕ ಆಡಿಸುವಾಗ ಭೀಮನ ಕಿರೀಟ, ಗದೆ, ಭುಜಕೀರ್ತಿ ಎಲ್ಲ ಬಾಡಿಗೆಗೆ ತರುತ್ತಾರೆ. ವೇಷ ಬಾಡಿಗೆಗೆ ಸಿಗುತ್ತದೆ, ಪಾತ್ರ ಸಿಗುವುದಿಲ್ಲ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತವನಿಗೆ ಮಾತ್ರ ಪಾತ್ರ ಒಲಿಯುತ್ತದೆ. ಫಿಲಿಪ್ಸ್ ತಂದದ್ದು ವೇಷ.

ನಮ್ಮ ನೆರೆಯಲ್ಲಿ

ಇದು ಪರದೇಶದ ಕಥೆ ಮಾತ್ರವಲ್ಲ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಎಂಬ ಸಂಸ್ಥೆ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟವನ್ನು ತಯಾರಿಸಿತು. 2009ರಲ್ಲಿ ಅದು ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂತು. ಇಂಥ ಯಂತ್ರಕ್ಕಾಗಿ ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಆಟವೆಂದು ಪ್ರಚಾರವಾಯಿತು. ಹಾರುವುದರಲ್ಲಿ ಹನುಮನನ್ನು ಮೀರಿಸುವವರು ಯಾರಿದ್ದಾರೆ? ಆದರೂ ಆಡಿ ನೋಡಿದ ವಿಮರ್ಶಕರು ಮೆಚ್ಚಲಿಲ್ಲ. ಹನುಮನ ಹೆಸರಿಗೆ ಯಾರ ಪರವಾನಗಿಯೂ ಬೇಡ, ಅದು ಎಲ್ಲರ ಮನೆಯ ಹೆಸರು. ಅಷ್ಟು ದೊಡ್ಡ ಹೆಸರೂ ಆಟವನ್ನು ದಡ ಸೇರಿಸಲಿಲ್ಲ.

ಸೋತ ಯಂತ್ರದ ಉದಾಹರಣೆ ಇನ್ನೂ ಹತ್ತಿರದಲ್ಲಿದೆ. ಇಲ್ಲಿಂದ ಬಸ್ಸು ಹತ್ತಿದರೆ ಸಿಗುವ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳು ಕೂಡಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಹಳ್ಳಿಯ ಬಡವನೂ ಬಳಸಬಲ್ಲ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡುವುದು ಅವರ ಗುರಿ. ಅದೇ ಸಿಂಪ್ಯೂಟರ್. ಓದು ಬಾರದವರಿಗೆ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವಂತೆ ಅದನ್ನು ಯೋಜಿಸಿದ್ದರು. ಕನ್ನಡದಲ್ಲೂ ಓದಿಸುವ ಕೆಲಸ ನಡೆದಿತ್ತು. ಒಂದು ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲು ತಲೆಗೊಂದು ಕಾರ್ಡು. 2001ರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ದೇಶವಿದೇಶಗಳ ಪತ್ರಿಕೆಗಳು ಹೊಗಳಿದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನ ಕಾರ್ಖಾನೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರ ರೂಪಾಯಿಯ ಆಚೀಚೆ. ಬಡವನಿಗೆ ಅದು ಎಟುಕಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಗೆ ಕಾಲಿಡುತ್ತಿತ್ತು. ಮಾರಾಟವಾದದ್ದು ಕೆಲವೇ ಸಾವಿರ.

ಸೋತದ್ದು ಮತ್ತೆ ಚಿಗುರುವುದು

ಇಲ್ಲಿಗೇ ನಿಲ್ಲಿಸಿದರೆ ಈ ಪಾಠ ಅರ್ಧ ಪಾಠ. ನಮ್ಮ ಹುಡುಗನ ಪ್ರಬಂಧದ ಕೊನೆಯಲ್ಲಿ ಒಂದು ಸಾಲು ಇತ್ತು: ‘ಆದರೆ ಒಬ್ಬರು ಅದನ್ನು ಸರಿ ಮಾಡಿದರು.’ ಆ ಸಾಲಿನ ಮೇಲೆಯೇ ನಮ್ಮ ಕೆಂಪು ಗೆರೆ ಬಿದ್ದಿತ್ತು.

ಆ ‘ಒಬ್ಬರು’ ಸೆತ್ ಫುಲ್ಕರ್ಸನ್. ಲೋಕ ನಗುತ್ತಿದ್ದಾಗ ಅವರು ಈ ಎರಡು ಆಟಗಳನ್ನು ಮನಸ್ಸಿಟ್ಟು ಆಡಿದರು. ಎಲ್ಲಿ ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಎಂದು ನೋಡಿದರು. ಗುಂಡಿಗಳ ತೊಡಕು ಬಿಡಿಸಿ, ಮಾತಿಗೆ ಬರಹ ಜೋಡಿಸಿ, ಎರಡನ್ನೂ ಹೊಸದಾಗಿ ಕಟ್ಟಿ 2020ರಲ್ಲಿ ಉಚಿತವಾಗಿ ಹಂಚಿದರು. ಪಾತ್ರಗಳು ನಿಂಟೆಂಡೊದ ಸ್ವತ್ತಾದ್ದರಿಂದ ಸ್ವಲ್ಪ ಕಾಲದಲ್ಲೇ ಹಂಚುವುದನ್ನು ನಿಲ್ಲಿಸಿದರು. ಆಮೇಲೆ ಅವರು ಮಾಡಿದ ಕೆಲಸ ದೊಡ್ಡದು. ಎರವಲು ಹೆಸರನ್ನೇ ಬಿಟ್ಟು, ಆರ್ಜೆಟ್ ಎಂಬ ತಮ್ಮದೇ ರಾಜಕುಮಾರಿಯನ್ನು ಸೃಷ್ಟಿಸಿದರು. ಹಳೆಯ ಆಟದಲ್ಲಿ ಲಿಂಕ್ ಮತ್ತು ಜೆಲ್ಡಾರಿಗೆ ದನಿ ಕೊಟ್ಟಿದ್ದ ನಟರನ್ನೂ ಹಿನ್ನೆಲೆ ಬರೆದಿದ್ದ ಚಿತ್ರಕಾರ ರಾಬ್ ಡನ್‌ಲೇವಿ ಅವರನ್ನೂ ಮತ್ತೆ ಕರೆಸಿದರು. ‘ಆರ್ಜೆಟ್: ದಿ ಜ್ಯುವೆಲ್ ಆಫ್ ಫರಮೋರ್’ ಎಂಬ ಆ ಆಟ 2024ರ ಫೆಬ್ರವರಿ 14ರಂದು ಬಿಡುಗಡೆಯಾಯಿತು. ವಿಮರ್ಶಕರು ಮೆಚ್ಚಿದರು. ಮೂವತ್ತು ವರ್ಷ ನಗೆಗೀಡಾದ ಶೈಲಿ ಅದೇ, ಬಣ್ಣ ಅದೇ, ದನಿಯೂ ಅದೇ. ಈಗ ಗೆರೆ ಕಾಣುತ್ತಿತ್ತು, ಕಾಲು ಹೇಳಿದ ಮಾತು ಕೇಳುತ್ತಿತ್ತು.

ಸಿಂಪ್ಯೂಟರಿನ ಕಥೆಯೂ ಯಂತ್ರದೊಂದಿಗೆ ಮುಗಿಯಲಿಲ್ಲ. ಅದಕ್ಕಾಗಿ ಪ್ರಾಧ್ಯಾಪಕ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ, ಬರಹವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ತಯಾರಾಗಿತ್ತು. ಯಂತ್ರ ನಿಂತಮೇಲೂ ಕೇರಳದ ಸಂತೋಷ್ ತೊಟ್ಟಿಂಗಲ್ ಮೊದಲಾದವರು ಆ ತಂತ್ರಾಂಶವನ್ನು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ಬೆಳೆಸಿದರು. ಮರ ಉರುಳಿತು, ಬೀಜ ಉಳಿಯಿತು.

ನಮಗೆ ಏನು ಪಾಠ?

ವಿದ್ಯಾರ್ಥಿಗಳೇ, ನೀವು ಇರುವ ಜಿಲ್ಲೆ ಕೈಗಾರಿಕೆಯ ಜಿಲ್ಲೆ. ಹೊಸೂರಿನ ಸುತ್ತ ಮೋಟಾರು, ಗಡಿಯಾರ, ಈಗ ಮೊಬೈಲ್ ಫೋನಿನ ಭಾಗಗಳು ತಯಾರಾಗುತ್ತಿವೆ. ನಿಮ್ಮಲ್ಲಿ ಹಲವರು ನಾಳೆ ಏನನ್ನಾದರೂ ಮಾಡುವ ಕೈಗಳಾಗುವಿರಿ. ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ‘ಇದಕ್ಕೆ ಯಾವ ಹೆಸರು ಅಂಟಿಸೋಣ?’ ಎಂದಲ್ಲ, ‘ಬಳಸುವವರ ಕೈಗೆ ಇದು ಒಗ್ಗುತ್ತದೆಯೆ?’ ಎಂದು. ಪ್ರಬಂಧಕ್ಕೂ ಇದೇ ಮಾತು. ಗೈಡಿನ ವಾಕ್ಯ ಬಾಡಿಗೆಯ ಕಿರೀಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಎಂದು ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಿಮಗೆ ಮಾತಿಗೇನೂ ಬಡತನವಿಲ್ಲ. ತಪ್ಪಾದರೂ ನಿಮ್ಮದೇ ವಾಕ್ಯ ಬರೆಯಿರಿ. ನಿಮ್ಮ ತಪ್ಪನ್ನು ತಿದ್ದಬಹುದು, ಗೈಡಿನವರ ಸರಿಯನ್ನು ಬೆಳೆಸಲು ಆಗುವುದಿಲ್ಲ.

ಮಾನ್ಯ ಪೋಷಕರೇ, ಅಂಕಪಟ್ಟಿ ಮನೆಗೆ ಬಂದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಬಂತು?’ ಎಂಬುದು. ಅದರ ಜೊತೆಗೆ ‘ಎಲ್ಲಿ ಹೋಯಿತು?’ ಎಂದೂ ಕೇಳೋಣ. ಎಷ್ಟು ಎಂಬ ಪ್ರಶ್ನೆಗೆ ಮಗು ತಲೆ ತಗ್ಗಿಸುತ್ತದೆ. ಎಲ್ಲಿ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಪುಸ್ತಕ ತೆರೆಯುತ್ತದೆ. ನೆಲ ಡೊಂಕಾಗಿದೆಯೇ ಎಂದೂ ನೋಡಬೇಕು. ಓದಲು ಹೊತ್ತಿದೆಯೆ, ದೀಪವಿದೆಯೆ, ಬಸ್ಸು ಸರಿಯಾದ ಹೊತ್ತಿಗೆ ಬರುತ್ತದೆಯೆ?

ಉಪಾಧ್ಯಾಯರಾದ ನಮ್ಮ ಪಾಠವೂ ಒಂದಿದೆ. ‘ವಿಷಯಾಂತರ’ ಎಂಬ ಒಂದು ಮಾತು ಬರೆದು ಮೂರು ಅಂಕ ಹಾಕಿದಾಗ ನಾವು ಆ ಹುಡುಗನಿಗೆ ಎಲ್ಲಿ ಎಡವಿದೆ ಎಂದು ಹೇಳಲಿಲ್ಲ. ಗೆರೆಯನ್ನೇ ತೋರಿಸದೆ ಔಟು ಎಂದೆವು. ತಪ್ಪು ನಮ್ಮದೆಂದು ಅವನಿಗೆ ಹೇಳಿ, ಮತ್ತೆ ಬರೆದು ಕೊಡಲು ಕೇಳಿದೆವು. ‘ಅದೇ ವಿಷಯವಾ ಸಾರ್?’ ಎಂದ. ‘ಅದೇ ವಿಷಯ’ ಎಂದೆವು. ಒಂದು ವಾರದ ಮೇಲೆ ಎರಡು ಹಾಳೆ ತಂದುಕೊಟ್ಟ. ಅಕಾರ ಹಕಾರಗಳ ತಪ್ಪು ಆಗಲೂ ಇತ್ತು. ಒಂದೊಂದನ್ನೂ ಅವನ ಪಕ್ಕದಲ್ಲಿ ಕೂತು ತಿದ್ದಿದೆವು. ಈ ಹಾಳೆಗಳನ್ನು ಅವನು ಹರಿಯಲಿಲ್ಲ.

ಅಭ್ಯಾಸ

1. ನೀವು ಆಡುವ ಯಾವುದಾದರೂ ಹಳ್ಳಿಯ ಆಟವನ್ನು ತೆಗೆದುಕೊಂಡು, ಅದರ ನಿಯಮಗಳನ್ನು ಆಟ ತಿಳಿಯದವರಿಗೆ ಅರ್ಥವಾಗುವಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ.

2. ‘ವೇಷ ಬಾಡಿಗೆಗೆ ಸಿಗುತ್ತದೆ, ಪಾತ್ರ ಸಿಗುವುದಿಲ್ಲ.’ ಈ ಮಾತನ್ನು ನಿಮ್ಮ ಸ್ವಂತ ಉದಾಹರಣೆ ಕೊಟ್ಟು ವಿಸ್ತರಿಸಿರಿ.

3. ನಿಮ್ಮ ಮನೆಯಲ್ಲಿ ಕೊಂಡು ತಂದು ಬಳಸದೆ ಮೂಲೆಗೆ ಸೇರಿದ ವಸ್ತು ಯಾವುದು? ಅದು ಯಾಕೆ ಕೈಗೆ ಒಗ್ಗಲಿಲ್ಲ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

4. ಕಳೆದ ಪರೀಕ್ಷೆಯಲ್ಲಿ ನಿಮಗೆ ಅತಿ ಕಡಿಮೆ ಅಂಕ ಬಂದ ಉತ್ತರಪತ್ರಿಕೆಯನ್ನು ಮತ್ತೆ ತೆರೆಯಿರಿ. ಎಲ್ಲಿ ಎಡವಿದಿರಿ ಎಂಬುದನ್ನು ಮೂರು ವಾಕ್ಯಗಳಲ್ಲಿ ಬರೆದು ನಮಗೆ ತೋರಿಸಿರಿ. ಇದಕ್ಕೆ ಅಂಕವಿಲ್ಲ.